ಫೋನ್ ಮೇಷ್ಟ್ರು

ಅಡುಗೆಮನೆಯ ಮೇಜು,
ಭಾನುವಾರ ಮಧ್ಯಾಹ್ನ

ಪ್ರೀತಿಯ ಕೀಲಿರಾಯಾ,

ಹೇಗಿದ್ದೀಯೋ? ಕೆಮ್ಮು ಹೋಯಿತೋ, ಇಲ್ಲ ಅದಕ್ಕೂ ಒಂದು ಸಮೀಕರಣ ಬರೆದುಕೊಂಡು ಕೂತಿದ್ದೀಯೋ? ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನು ಚೆನ್ನಾಗಿದ್ದೇನೆ, ಸಿಟ್ಟೊಂದು ಬಿಟ್ಟು. ಇದನ್ನೆಲ್ಲ ಫೋನಿನಲ್ಲೇ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಕೂತಿರುತ್ತಾಳೆ.

ನಿನ್ನ ಕಾಗದ ಬಂತು, ಜೊತೆಗೆ ಗ್ರಾಫೂ ಬಂತು. ಅಮ್ಮನ ನೆನಪಿನ ಶಕ್ತಿ ತಿಂಗಳಿಂದ ತಿಂಗಳಿಗೆ ಏರುತ್ತಿದೆಯಂತೆ, ಅದಕ್ಕೇ ರಜೆಗೆ ಬರುವುದನ್ನು ಸಮ್ಮೇಳನ ಮುಗಿಯುವವರೆಗೆ ಮುಂದೆ ಹಾಕಿದ್ದೀಯಂತೆ. ಅಲ್ಲವೋ ಮಹಾನುಭಾವ, ಕಂಪ್ಯೂಟರಿನೊಳಗೆ ಸುಳ್ಳು ನರಕೋಶಗಳನ್ನು ಸಾಕಿಕೊಂಡು, ಮೆದುಳು ನೆನಪನ್ನು ಹೇಗೆ ಹಿಡಿದಿಡುತ್ತದೆ, ಹೇಗೆ ಕೈಬಿಡುತ್ತದೆ ಎಂದು ಲೆಕ್ಕ ಹಾಕುವವನು ನೀನು. ವಾರ ವಾರವೂ ಫೋನಿನಲ್ಲಿ ಅದೇ ಐದು ಪದ ಕೊಟ್ಟು "ಈಗ ಹೇಳಮ್ಮ" ಎಂದರೆ ಯಾರಿಗೆ ತಾನೇ ಬಾಯಿಪಾಠ ಆಗುವುದಿಲ್ಲ? ಏಣಿ, ನಿಂಬೆಹಣ್ಣು, ಚಮಚ, ಬೆಕ್ಕು, ಗುಂಡಿ. ಚಿಕ್ಕವನಿದ್ದಾಗ ನೀನು ಮೌತ್ ಆರ್ಗನ್ ಊದಿ ಊದಿ ನಮ್ಮ ತಲೆ ತಿನ್ನುತ್ತಿದ್ದೆಯಲ್ಲ, ಆ ರಾಗಕ್ಕೆ ಅವನ್ನು ಕೂರಿಸಿಕೊಂಡು ಬಟ್ಟೆ ಮಡಿಸುತ್ತಾ ಹಾಡುತ್ತಾಳೆ. ಈಗ ಪಕ್ಕದ ಮನೆಯ ದರ್ಜಿಗೂ ಬರುತ್ತದೆ. ಅವನದೂ ಒಂದು ಗ್ರಾಫ್ ಹಾಕಿಕೋ.

ಇನ್ನು "ಇವತ್ತು ಯಾವ ವಾರ" ಎಂಬ ನಿನ್ನ ಪ್ರಶ್ನೆ. ನೀನು ಫೋನ್ ಮಾಡುವುದೇ ಭಾನುವಾರ ಕಣೋ! ಫೋನ್ ಬಂದರೆ ಭಾನುವಾರ, ಅಷ್ಟೇ. ಮಿಕ್ಕ ದಿನ ಹಾಲು ಉಕ್ಕಿ ಹರಿಯುತ್ತಿದ್ದರೂ ಒಲೆಯ ಮುಂದೆ ಸುಮ್ಮನೆ ನಿಂತಿರುತ್ತಾಳೆ, ಅದು ನಿನ್ನ ಗ್ರಾಫಿಗೆ ಬರುವುದಿಲ್ಲ. ಶನಿವಾರದಿಂದಲೇ ತಯಾರಿ ಶುರು. "ಓದ್ಕೊಳ್ದೆ ಹೋದ್ರೆ ಫೋನ್ ಮೇಷ್ಟ್ರು ಬೇಜಾರು ಮಾಡ್ಕೋತಾರೆ" ಎನ್ನುತ್ತಾಳೆ. ನಿನಗಿಟ್ಟ ಹೆಸರು ಅದು. ಮಗನನ್ನು ಗೇಲಿ ಮಾಡುತ್ತಿದ್ದಾಳೆಂದು ನಾನೂ ನಗುತ್ತೇನೆ.

ಅಪ್ಪ ರಿಪೇರಿಗೆಂದು ತಂದಿಟ್ಟ ಗಡಿಯಾರಗಳನ್ನೆಲ್ಲ ಬಿಚ್ಚಿ ಹರಡಿಕೊಂಡು ಕೂತು ಕೀಲಿರಾಯ ಅನ್ನಿಸಿಕೊಂಡವನು ನೀನು. ಅಪ್ಪ ಕೈ ಎತ್ತಿದಾಗ "ನೋಡ್ಲಿ ಬಿಡಿ, ಒಳಗೇನಿದೆ ಅಂತ ಗೊತ್ತಾಗ್ಬೇಡ್ವಾ ಮಗೂಗೆ" ಎಂದು ಅಡ್ಡ ಬರುತ್ತಿದ್ದವಳು ಅಮ್ಮ. ಈಗ ಅವಳನ್ನು ಬಂದು ನೋಡುವುದಕ್ಕೆ ಮಾತ್ರ ನಿನಗೆ ಪುರಸೊತ್ತಿಲ್ಲ. ಬರೆಯುತ್ತಾ ಹೋದರೆ ಅಳು ಬರುತ್ತದೆ, ಇಲ್ಲಿಗೆ ಸಾಕು.

ಸ್ವೆಟರ್ ಹಾಕಿಕೋ. ದೇವರು ನಿನಗೆ ಆಯಸ್ಸು ಕೊಡಲಿ, ಜೊತೆಗೆ ಒಂದಿಷ್ಟು ಬುದ್ಧಿಯನ್ನೂ.

ಇಂತು,
ನಿನ್ನ ಅಕ್ಕ

ತಾ. ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ಫೋನ್ ಬಂದು ಹೋಯಿತು. ಐದಕ್ಕೆ ಐದೂ ಹೇಳಿದಳು, ನೀನು ಖುಷಿಪಟ್ಟೆ. ಫೋನ್ ಇಟ್ಟವಳೇ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದಳು: "ಪಾಪ ಕಣೇ ಆ ಮೇಷ್ಟ್ರು. ಇವತ್ತು ಯಾವ ವಾರ ಅಂತಾನೂ ನೆನಪಿರಲ್ಲ, ಪ್ರತಿ ಸಲ ನನ್ನೇ ಕೇಳ್ತಾರೆ. ಅವ್ರಿಗೆ ಮನೇಲಿ ಯಾರೂ ಇಲ್ವಾ? ಒಂದಿನ ಊಟಕ್ಕೆ ಬರೋಕೆ ಹೇಳೇ."

ಹೇಳಿದ್ದೇನೆ. ಬಾರೋ.