ಪಟ್ಟಿಯಲ್ಲಿ ನಾಯಿಯ ತೂಕವೂ ಇದೆ

ಗ್ರೇಮ್,

ಡಾರ್ಗವಿಲ್ಲಿನ ಅಕ್ಕನ ಮನೆಗೆ ಹೊರಟಿದ್ದೇನೆ. ಕುರಿಮಾಂಸದ ಪೈ ಓವನ್ನಿನಲ್ಲಿದೆ. ಕೈಗೆ ಮೆತ್ತಿದ ಎಪಾಕ್ಸಿ ಅಂಟು ಬಿಡಿಸಿಕೊಂಡೇ ತಿನ್ನು. ಮಳೆ ಬಂದರೆ ದೋಣಿಯ ಎಡ ಒಡಲಿಗೆ ಟಾರ್ಪಾಲು ಎಳೆದುಬಿಡು.

ಅಡುಗೆಮನೆಯ ತಕ್ಕಡಿಯನ್ನು ನಿನ್ನ ಶೆಡ್ಡಿನಿಂದ ವಾಪಸ್ ತಂದಿದ್ದೇನೆ. ಇನ್ನೊಮ್ಮೆ ಒಯ್ದರೆ ನೋಡು. ಅದನ್ನು ತರಲು ಹೋದಾಗಲೇ ಗೋಡೆಯ ಮೇಲಿನ ತೂಕದ ಪಟ್ಟಿ ಕಣ್ಣಿಗೆ ಬಿತ್ತು. "ಕ್ಯಾಟಮರಾನ್ ಹಗುರ ಇದ್ರೇನೇ ಓಡೋದು, ನೋಲೀನ್" ಅಂತ ಈ ಜೋಡಿ ಒಡಲಿನ ದೋಣಿ ಕಟ್ಟಲು ಶುರುಮಾಡಿದ ಆರು ವರ್ಷದಿಂದ ಹೇಳುತ್ತಿದ್ದೀಯ. ಅದಕ್ಕೇ ನಮ್ಮ ಟೋಂಗಾ ದ್ವೀಪದ ಯಾನಕ್ಕೆ ಹೊರಡುವ ಪ್ರತಿಯೊಂದನ್ನೂ ತೂಗಿ ಬರೆದಿದ್ದೀಯ. ಒಂದು ತಟ್ಟೆ. ಒಂದು ಲೋಟ. ಹಿಡಿ ಕತ್ತರಿಸಿದ ಒಂದು ಹಲ್ಲುಜ್ಜುವ ಬ್ರಷ್ಷು. ಗ್ರೇಮ್, ಎಂಬತ್ತನಾಲ್ಕು ಕಿಲೊ. ನಾಯಿ, ಹನ್ನೊಂದು ಕಿಲೊ. ಅಲ್ಲಿಗೆ ಪಟ್ಟಿ ಮುಗಿದಿದೆ.

ಮೊನ್ನೆ ಪಕ್ಕದ ಮನೆಯ ಟ್ರೆವರ್ "ಗ್ರೇಮ್ ಹೋದ್ಮೇಲೆ ನಿಮ್ಮ ಅಂಗಳದ ಹುಲ್ಲು ನಾನೇ ಕತ್ತರಿಸ್ತೀನಿ ಬಿಡು" ಅಂದಾಗ ತಮಾಷೆ ಅಂದುಕೊಂಡು ನಕ್ಕಿದ್ದೆ. ಬಲ ಒಡಲಿನಲ್ಲಿ ನನ್ನ ಹಾಸಿಗೆಯ ಜಾಗಕ್ಕೆ ಹಾಯಿಯ ಚೀಲಗಳನ್ನು ಯಾಕೆ ತುಂಬಿದ್ದೀಯ ಅಂತಲೂ ಕೇಳಿರಲಿಲ್ಲ. ಈಗ ಕೇಳುತ್ತಿದ್ದೇನೆ.

ಪಟ್ಟಿಯಲ್ಲಿ ನಾಯಿಯ ಕೆಳಗೆ ನಾನೇ ಬರೆದಿದ್ದೇನೆ: ನೋಲೀನ್, ಅರವತ್ತೇಳು ಕಿಲೊ. ಬಚ್ಚಲಮನೆಯ ತೂಕದ ಯಂತ್ರದಲ್ಲಿ ಬೂಟು ಹಾಕಿಕೊಂಡೇ ತೂಗಿದ್ದು. ಭಾರ ಜಾಸ್ತಿ ಅನ್ನಿಸಿದರೆ ಯಾರನ್ನು ಇಳಿಸಬೇಕು ಅಂತ ನಾನು ಬರುವಷ್ಟರಲ್ಲಿ ಯೋಚಿಸಿಡು.

ನಾಯಿಯನ್ನು ಹುಡುಕಬೇಡ. ನನ್ನ ಜೊತೆ ಕಾರಿನಲ್ಲಿದೆ.

ನೋಲೀನ್