ಸುಣ್ಣದ ಗೋಡೆಯ ಮೇಲೆ ನಿಮ್ಮ ಷರಾ

ಭೂಕಂಪದ ಅಪಾಯ ಅಂದಾಜು ಮಾಡಲು ನಮ್ಮೂರಿಗೆ ಬಂದಿದ್ದ ತಂಡದ ಮುಖ್ಯ ಅಧಿಕಾರಿಗಳಿಗೆ

ಮಾನ್ಯರೇ,

ಚಿಕ್ಕೋಡಿ ತಾಲೂಕಿನ ನಮ್ಮ ಹಳ್ಳಿಯ ಮನೆಗಳಿಗೆ ಭೂಕಂಪದ ಭಯವಿಲ್ಲವೆಂದು ನೀವು ವರದಿ ಕೊಟ್ಟಿದ್ದೀರಿ. ಒಂದು ಮನೆಯ ಹೊಸ್ತಿಲನ್ನೂ ದಾಟದೆ ಅದನ್ನು ಬರೆದ ನಿಮ್ಮನ್ನು ನೆನೆದರೆ ನನಗೆ ಹೇಸಿಗೆಯಾಗುತ್ತದೆ. ಸಭ್ಯವಾದ ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ಹೋದ ವರ್ಷ, ೧೯೯೩ರಲ್ಲಿ, ಭೂಕಂಪಕ್ಕೆ ಕಿಲ್ಲಾರಿ ಊರೇ ನೆಲಸಮವಾದ ದಿನ ನಮ್ಮಲ್ಲೂ ನೆಲ ನಡುಗಿತು. ನನ್ನ ಅಕ್ಕ ಸಕ್ಕುಬಾಯಿಯ ಮನೆಯ ಹಿಂದಿನ ಗೋಡೆ, ಮೊದಲೇ ವಾಲಿದ್ದದ್ದು, ಬೆರಳು ತೂರುವಷ್ಟು ಬಿರುಕು ಬಿಟ್ಟಿತು. ಕಲ್ಲು ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಸೋರಬಾರದೆಂದು ಪ್ರತಿ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕುತ್ತೇವೆ; ಹಳೆಯದನ್ನು ಯಾರೂ ಇಳಿಸುವುದಿಲ್ಲ. ಅಜ್ಜನ ಕಾಲದಿಂದ ಏರುತ್ತ ಬಂದ ಆ ಭಾರದ ಕೆಳಗೆ ಮಲಗಲು ಅಕ್ಕನಿಗೆ ಧೈರ್ಯವಾಗಲಿಲ್ಲ. ಮೊಮ್ಮಗಳು ದುಂಡವ್ವನನ್ನು ಕರೆದುಕೊಂಡು ಅಂಗಳದಲ್ಲಿ, ಎಮ್ಮೆಗಳ ಪಕ್ಕ ಮಲಗತೊಡಗಿದಳು.

ಅಷ್ಟರಲ್ಲಿ ನೀವು ಬರುವ ಸುದ್ದಿ ಬಂತು. ಸಾಹೇಬರು ಬರುತ್ತಾರೆಂದರೆ ನಮ್ಮ ಹೆಂಗಸರು ಏನು ಮಾಡುತ್ತಾರೆ? ಮನೆ ಸಾರಿಸುತ್ತಾರೆ. ಓಣಿಯ ಗೋಡೆಗಳೆಲ್ಲ ಸೆಗಣಿ ಮಣ್ಣು ಮೆತ್ತಿಸಿಕೊಂಡು, ಸುಣ್ಣ ಬಳಿಸಿಕೊಂಡು ನಿಮಗಾಗಿ ಕಾದು ನಿಂತವು.

"ಅಕ್ಕಾ, ಅವರು ಬರೂದ ಬಿರುಕು ನೋಡಾಕ. ಅದನ್ನ ಯಾಕ ಮುಚ್ಚಾಕತ್ತಿ?" ಎಂದೆ.

"ಬಂದ ಮಂದಿಗೆ ಒಡಕ ಗ್ವಾಡಿ ತೋರಸಬೇಕೇನೋ? ನಾಚಿಕಿ ಇಲ್ಲೇನು ನಿನಗ?" ಎಂದು ನನ್ನನ್ನೇ ಗದರಿದಳು.

ಅವಳದು ಮರ್ಯಾದೆಗೆ ಅಂಜಿ ಮಾಡಿದ ತಪ್ಪು. ನಿಮ್ಮದು? ಜೀಪಿನಿಂದ ಇಳಿದು ಸುಣ್ಣದ ಗೋಡೆಗಳನ್ನು ನೋಡಿ ತಲೆದೂಗಿದಿರಿ. ಒಂದನ್ನಾದರೂ ಬಡಿದು ನೋಡಿದಿರಾ? ಒಂದು ಮಾಳಿಗೆಯನ್ನಾದರೂ ಹತ್ತಿದಿರಾ? ಹಿಂದಿನ ಗೋಡೆ ನೋಡಿ ಎಂದು ನಾನು ಬಾಯಿ ತೆರೆದರೆ, "ಭೂಕಂಪ ಗುಡ್ಡಗಾಡಿನವರ ಚಿಂತೆ, ನಿಮ್ಮದು ಬಯಲು" ಎಂದು ನಕ್ಕಿರಿ. ಕಿಲ್ಲಾರಿಯಲ್ಲಿ ಯಾವ ಗುಡ್ಡವಿತ್ತು ಸ್ವಾಮಿ? ಘಟ್ಟದ ಕೊಯ್ನಾ ನಡುಗಿದ ವರ್ಷ ನಮ್ಮ ಅಡುಗೆಮನೆಯ ಪಾತ್ರೆಗಳು ನೆಲಕ್ಕೆ ಉರುಳಿದ್ದು ಯಾರ ಚಿಂತೆ? ಆ ದಿನ ನೀವು ಮುರಿದು, ಒಳಗೇನಿದೆ ಎಂದು ಪರೀಕ್ಷಿಸಿದ್ದು ಪಂಚಾಯಿತಿ ಅಂಗಳದಲ್ಲಿ ಊಟಕ್ಕೆ ಬಡಿಸಿದ ಶೇಂಗಾ ಹೋಳಿಗೆಯನ್ನು ಮಾತ್ರ.

ಗೋಡೆಗಳಿಗೆ ಆಸರೆ ಕೊಡಿಸುತ್ತೀರೆಂದು ಕಾದಿದ್ದೆವು, ಅದು ಹೋಗಲಿ. ನಿಮ್ಮ ವರದಿಯನ್ನು ಪಂಚಾಯಿತಿಯಲ್ಲಿ ಓದಿ ಹೇಳಿದ ದಿನವೇ ಅಕ್ಕ ಹಾಸಿಗೆ ಸುತ್ತಿಕೊಂಡು ಒಳಗೆ ಹೋದಳು. "ಸಾಹೇಬ್ರ ನೋಡಿ ಹೋಗ್ಯಾರ, ಏನೂ ಆಗೂದಿಲ್ಲ ಅಂದಾರ. ನೀ ಅವರಕಿಂತ ಶಾಣ್ಯಾ ಏನು?" ಎನ್ನುತ್ತಾಳೆ. ಹುಡುಗಿಯನ್ನು ಅದೇ ಗೋಡೆಯ ಬುಡದಲ್ಲಿ ಮಲಗಿಸುತ್ತಾಳೆ. ಗೋಡೆ ಹೊರಕ್ಕೆ ಉಬ್ಬುತ್ತಿದೆ, ಮಳೆಗಾಲ ಬರುತ್ತಿದೆ, ಮಾಳಿಗೆಗೆ ಮತ್ತೆ ಮಣ್ಣು ಬೀಳಲಿದೆ. ನನಗೆ ಭಯವಾಗುತ್ತಿದೆ.

ನಿಮ್ಮ ಮರುಸಮೀಕ್ಷೆಯೂ ಬೇಡ, ಸಮಿತಿಯೂ ಬೇಡ. ಈ ವಾರವೇ ಬನ್ನಿ. ನನ್ನ ಅಕ್ಕನ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿ: "ಅಕ್ಕಾರ, ನಾ ನಿಮ್ಮ ಮನಿ ನೋಡೇ ಇಲ್ರಿ." ನೀವು ಹೇಳಿದರೆ ಅವಳು ನಂಬುತ್ತಾಳೆ.

ಇಂತಿ,
ಅಕ್ಕನನ್ನು ಅಂಗಳಕ್ಕೆ ಕರೆತರಲಾರದ ತಮ್ಮ,
ಭರಮು