ಟಗರಿನ ಕೊರಳಿನ ಅರಿಶಿನ

ನನ್ನ ದೊಡ್ಡವ್ವ ಕೆಂಚಮ್ಮನಿಗೆ,

ಶಿರಾದಿಂದ ನಿನ್ನ ಗಂಗಿ ಕಾಲಿಗೆ ಬಿದ್ದು ಬರೆಯುವುದು.

ಈ ಕಾಗದವನ್ನು ಅಂಗನವಾಡಿಯ ಗಂಗರತ್ನಮ್ಮನ ಕೈಲಿ ಓದಿಸಿಕೊ. ಒಲೆಗೆ ಹಾಕುವುದಿದ್ದರೂ ಪೂರ್ತಿ ಕೇಳಿ ಹಾಕು. ಫೋನ್ ಮಾಡಿದರೆ ನನ್ನ ದನಿ ಕೇಳುತ್ತಲೇ ಇಟ್ಟುಬಿಡುತ್ತೀಯ. ಇಪ್ಪತ್ತು ದಿನವಾಯಿತು, ನನಗೆ ಊಟ ಸೇರುತ್ತಿಲ್ಲ.

ಅವತ್ತು ದೊಡ್ಡೇರಿಯಿಂದ ನಿನ್ನ ಹನ್ನೆರಡು ಟಗರು ನಮ್ಮ ಮಾಂಸ ರಫ್ತಿನ ಕಾರ್ಖಾನೆಯ ಗೇಟಿಗೆ ಬಂದಾಗ ಪರೀಕ್ಷೆ ಮಾಡುವ ಡಾಕ್ಟರು ನಾನೇ. ಲಾರಿಯ ಜೊತೆ ನೀನೂ ಬಂದಿದ್ದೆ. ದಲ್ಲಾಳಿ ಕುಮಾರಸ್ವಾಮಿ ಕೊಟ್ಟ ನಮೂನೆಯಲ್ಲಿ ‘ಒಂದು ತಿಂಗಳಿಂದ ಯಾವ ಔಷಧಿಯೂ ಕೊಟ್ಟಿಲ್ಲ’ ಎಂದಿತ್ತು, ಕೆಳಗೆ ನಿನ್ನ ಹೆಬ್ಬೆಟ್ಟು. ಆದರೆ ಐದು ಟಗರುಗಳ ಕೊರಳಲ್ಲಿ ಅರಿಶಿನದ ಬೊಟ್ಟಿತ್ತು. ಪೂಜೆ ಮಾಡಿ ಕಳಿಸಿದ್ದಾರೆ ಅಂದುಕೊಂಡರು ಜೊತೆಯವರು. ಅವ್ವ ಸತ್ತ ಮೇಲೆ ನಿನ್ನ ಹಟ್ಟಿಯಲ್ಲೇ ಬೆಳೆದವಳು ನಾನು, ನನಗೆ ಗೊತ್ತಿಲ್ಲವೇ? ಸೂಜಿ ಚುಚ್ಚಿಸಿದ ಕಡೆ ಬೊಟ್ಟಿಟ್ಟು ನೀನು ಹೇಳುತ್ತಿದ್ದೆ: “ಇಂಗೆ ಇಟ್ರೆ ಇನ್ನೊಂದ್ಸಲ ಚುಚ್ಚಕ್ಕಿಲ್ಲ ಕಣಮ್ಮ. ಮೂಕ ಜೀವ, ಆಗ್ಲೇ ಚುಚ್ಚವ್ರೆ ಅಂತ ಬಾಯ್ಬುಟ್ಟು ಹೇಳ್ತದಾ?”

ಒಂದು ಮಾತು ಒಪ್ಪಿಕೊಳ್ಳುತ್ತೇನೆ ದೊಡ್ಡವ್ವ. ಆ ಬೊಟ್ಟು ಒರೆಸಿಬಿಡೋಣ ಅಂತ ನನ್ನ ಕೈ ಹೋಗಿತ್ತು. ಒರೆಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಸೂಜಿಯ ಔಷಧಿ ಮಾಂಸದಿಂದ ಇಳಿಯುವುದಕ್ಕೆ ಇಪ್ಪತ್ತೆಂಟು ದಿನ ಬೇಕು. ಸಮುದ್ರದಾಚೆ ಯಾವ ತಾಯಿ ಯಾವ ಮಗುವಿಗೆ ಅದನ್ನು ಬೇಯಿಸಿ ಉಣಿಸುತ್ತಾಳೋ! ಕೈ ಹಿಂದಕ್ಕೆ ತೆಗೆದುಕೊಂಡು, ಯಾವತ್ತು ಸೂಜಿ ಹಾಕಿಸಿದೆ ಅಂತ ಎಲ್ಲರೆದುರು ಕೇಳಿದೆ. “ಮೊನ್ನೆ” ಅಂದೆ ನೀನು, ಒಂದು ಚೂರೂ ಅಳುಕದೆ. ನಮೂನೆ ಸುಳ್ಳಾದ ಮೇಲೆ ಇಡೀ ಗುಂಪೇ ಒಳಗೆ ಬರುವಂತಿಲ್ಲ. ಹನ್ನೆರಡನ್ನೂ ವಾಪಸು ಕಳಿಸಿದೆ.

“ಮುದುಕಿ ಸುಳ್ಳು ಹೇಳಿ ನನ್ನ ಹೆಸರು ಕೆಡಿಸಿದ್ಲು” ಅಂದ ಕುಮಾರಸ್ವಾಮಿ. ನಾನು ಸುಮ್ಮನಿದ್ದೆ. ನೀನು ಅವನ ಕಡೆ ತಿರುಗಿಯೂ ನೋಡಲಿಲ್ಲ. “ನನ್ ಕೈತುತ್ತು ಉಂಡೋಳು, ನನ್ನೇ ಸುಳ್ಳುಗಾತಿ ಮಾಡ್ಬುಟ್ಯಲ್ಲೇ” ಅಂದು ಲಾರಿ ಹತ್ತಿದೆ.

ಟಗರು ವಾಪಸು ಕಳಿಸಿದ್ದಕ್ಕೆ ಕ್ಷಮೆ ಕೇಳಲಾರೆ. ಬಾಯಿ ಮುಚ್ಚಿಕೊಂಡು ನಿಂತಿದ್ದಕ್ಕೆ ಕೇಳುತ್ತೇನೆ. ನಿನ್ನೆ ಕುಮಾರಸ್ವಾಮಿಯನ್ನು ನಿಲ್ಲಿಸಿ ಕೇಳಿದೆ. ನಮೂನೆಯಲ್ಲಿ ಏನಿದೆ ಅಂತ ಓದಿ ಹೇಳದೆಯೇ ಹೆಬ್ಬೆಟ್ಟು ಒತ್ತಿಸಿಕೊಂಡೆ ಅಂತ ಒಪ್ಪಿಕೊಂಡ. ಇದು ನನಗೆ ಅವತ್ತೇ ಹೊಳೆಯಬೇಕಿತ್ತು, ಓದಿದ್ದೆಲ್ಲ ಮಣ್ಣುಪಾಲು!

ಇನ್ನು ಹತ್ತು ದಿನ ಕಳೆಯಲಿ, ಟಗರುಗಳನ್ನು ಕರೆದುಕೊಂಡು ಬಾ. ನಮೂನೆಯನ್ನು ನಾನೇ ಓದಿ ಹೇಳುತ್ತೇನೆ, ಹೆಬ್ಬೆಟ್ಟು ಆಮೇಲೆ. ಅವತ್ತಿನ ವರದಿಗೆ ಎರಡು ಸಾಲು ಸೇರಿಸಿ ಸಹಿ ಹಾಕಿದ್ದೇನೆ: ‘ಒಡತಿ ಕೆಂಚಮ್ಮ ಏನನ್ನೂ ಮುಚ್ಚಿಟ್ಟಿರಲಿಲ್ಲ. ಔಷಧಿ ಕೊಟ್ಟದ್ದನ್ನು ಟಗರಿನ ಕೊರಳಲ್ಲೇ ಬರೆದಿದ್ದಳು.’

ನಿನ್ನ ಹಟ್ಟಿ ತುಂಬಿರಲಿ.

ನಿನ್ನ ಕೈತುತ್ತು ಉಂಡವಳು,
ಗಂಗಲಕ್ಷ್ಮಿ